ಮ್ಯಾಪ್ ತುಂಬ ಒಂದೇ ಬಣ್ಣ ಹರಡಿದಾಗ

‘ರೋಮ್: ಟೋಟಲ್ ವಾರ್’ ಆಟದಲ್ಲಿ ರೋಮಿನ ಜೂಲಿಯೈ ಮನೆತನ ಆರಿಸಿಕೊಂಡವರು ಮೊದಲ ಐವತ್ತು ಟರ್ನ್ ತಲೆ ಎತ್ತುವುದಿಲ್ಲ. ಉತ್ತರದಲ್ಲಿ ಗಾಲ್‌ಗಳ ಕಾಟ, ಖಜಾನೆಯಲ್ಲಿ ಕಾಸಿನ ಬರ, ಮೇಲಿಂದ ಮೇಲೆ ಸೆನೆಟ್ಟಿನ ಅಪ್ಪಣೆ. ಇದೆಲ್ಲ ಒಂದು ಹದಕ್ಕೆ ಬಂದ ಮೇಲೆ ರಾಯಭಾರಿಯೊಬ್ಬನನ್ನು ಹಡಗು ಹತ್ತಿಸಿ ಪೂರ್ವಕ್ಕೆ ಕಳಿಸಿ, ಅಲ್ಲಿ ಸಿಕ್ಕವರಿಂದ ನಕ್ಷೆಯ ಮಾಹಿತಿ ಕೊಂಡುಕೊಳ್ಳುತ್ತಾರೆ. ಕತ್ತಲೆ ಸರಿದಾಗ ಕಾಣುವುದು ಈಜಿಪ್ಟಿನ ಹಳದಿ ಬಣ್ಣ. ನೈಲ್ ಕಣಿವೆಯಿಂದ ಡಮಾಸ್ಕಸ್, ಆಂಟಿಯೋಕ್ ದಾಟಿ ಏಷ್ಯಾ ಮೈನರಿನ ತನಕ ಎಲ್ಲವೂ ಅವರದೇ. ಅಲ್ಲಿ ಮೊದಲಿದ್ದ ಸೆಲ್ಯೂಕಿಡರ ಹೆಸರೇ ಅಳಿದುಹೋಗಿರುತ್ತದೆ. ಎಷ್ಟೋ ಜನ ಅಲ್ಲಿಗೆ ಆಟ ಮುಚ್ಚಿ ಹೊಸದಾಗಿ ಶುರು ಮಾಡುತ್ತಾರೆ. ಹಾಗೆ ಬಿಡಬೇಕಾಗಿಲ್ಲ. ಆ ಹಳದಿ ಬಣ್ಣ ಹೇಗೆ ಹರಡಿತು, ಅದರ ಕೆಳಗೆ ನಿಜವಾಗಿ ಎಷ್ಟು ಬಲವಿದೆ ಎಂದು ಓದಲು ಬಂದರೆ ಆಟದ ಅತ್ಯಂತ ಸೊಗಸಾದ ಭಾಗ ಅಲ್ಲಿಂದಲೇ ತೆರೆದುಕೊಳ್ಳುತ್ತದೆ.

ಈ ಓದು ನಮ್ಮ ರಾಯಚೂರು ಕಡೆಯವರಿಗೆ ಹೊಸದಾಗಬಾರದು. ಮಂತ್ರಾಲಯದ ದಾರಿಯ ಗಿಲ್ಲೆಸುಗೂರು, ಇತ್ತ ಮಾನ್ವಿ, ಅತ್ತ ಕೃಷ್ಣೆಯ ಬದಿಯ ದೇವದುರ್ಗ, ಎಲ್ಲ ಸೇರಿ ಕೃಷ್ಣೆ, ತುಂಗಭದ್ರೆ ಎಂಬ ಎರಡು ನದಿಗಳ ನಡುವಿನ ಎಡೆದೊರೆ ನಾಡು. ಎಲ್ಲಿಯದೋ ಒಂದು ಸಾಮ್ರಾಜ್ಯ ಬೆಳೆಯುತ್ತ ಬೆಳೆಯುತ್ತ ಬಂದು ನಮ್ಮ ಬಂಡೆಯ ಮೇಲೆ ಹೆಸರು ಕೊರೆದುಹೋದ ನೆಲ ಇದು.

ಮೊದಲು ಆಟದ ಒಳಗಿನ ಲೆಕ್ಕ ನೋಡೋಣ. ಕಂಪ್ಯೂಟರ್ ಆಡಿಸುವ ಬಣವೊಂದು ಹೀಗೆ ಉಬ್ಬುವುದಕ್ಕೆ ಮುಖ್ಯ ಕಾರಣ ಅದು ನಿಂತ ಜಾಗ. ಈಜಿಪ್ಟಿನ ಬೆನ್ನಿಗೆ ಮರುಭೂಮಿ, ಒಂದು ಮಗ್ಗುಲಿಗೆ ಸಮುದ್ರ. ಅದು ಕಾದಾಡಬೇಕಾದ ದಿಕ್ಕು ಒಂದೇ, ಸಿರಿಯಾದ ಕಡೆಗೆ. ಎದುರಿಗಿರುವ ಸೆಲ್ಯೂಕಿಡರಿಗೆ ಈಜಿಪ್ಟ್ ಒಂದು ಕಡೆ, ಪಾರ್ಥಿಯಾ, ಪಾಂಟಸ್, ಅರ್ಮೇನಿಯಾ ಉಳಿದ ಕಡೆ. ಕಂಪ್ಯೂಟರಿಗೆ ನಾಲ್ಕು ಗಡಿಗಳನ್ನು ಒಟ್ಟಿಗೆ ಕಾಯುವ ಜಾಣತನ ಕಡಿಮೆ. ಇದ್ದ ಸೈನ್ಯವನ್ನು ಆ ಕಡೆ ಈ ಕಡೆ ಓಡಾಡಿಸುವುದರಲ್ಲೇ ಊರುಗಳು ಕೈಬಿಡುತ್ತವೆ. ಒಂದೇ ದಿಕ್ಕಿಗೆ ಮುಖ ಮಾಡಿದವನಿಗೆ ಆ ತೊಂದರೆಯಿಲ್ಲ. ಇದೇ ಕಾರಣಕ್ಕೆ ನಕ್ಷೆಯ ಮೂಲೆಯಲ್ಲಿ ಕೂತ, ಇತಿಹಾಸದಲ್ಲಿ ಯಾರೂ ಹೆಚ್ಚು ಕೇಳಿರದ ಬಣಗಳೂ ಕೆಲವು ಸಲ ದೈತ್ಯರಾಗಿಬಿಡುತ್ತವೆ.

ಎರಡನೆಯದು ಕಾಳಗದ ತೀರ್ಮಾನ. ನೀವು ಆಡುವ ಕಾಳಗದಲ್ಲಿ ಗುಡ್ಡವಿದೆ, ಕಾಡಿದೆ, ಬೆನ್ನ ಹಿಂದಿನಿಂದ ಬರುವ ಕುದುರೆ ದಂಡಿದೆ. ಎರಡು ಕಂಪ್ಯೂಟರ್ ಬಣಗಳು ತಮ್ಮತಮ್ಮಲ್ಲಿ ಕಾದಾಡಿದಾಗ ಇದಾವುದೂ ನಡೆಯುವುದಿಲ್ಲ. ಸೈನ್ಯಗಳ ಅಂಕಿಗಳನ್ನು ಎದುರುಬದುರು ಇಟ್ಟು ಆಟ ಒಂದು ಫಲ ತೆಗೆಯುತ್ತದೆ. ಕಾಗದದ ಮೇಲೆ ಅಂಕಿ ಚೆನ್ನಾಗಿರುವ ದಂಡುಳ್ಳವನು ಟರ್ನ್ ಮೇಲೆ ಟರ್ನ್ ಗೆಲ್ಲುತ್ತ ಹೋಗುತ್ತಾನೆ. ಹಾಗೆ ಗೆದ್ದುಬಂದ ದಂಡು ನಿಮ್ಮೆದುರು ಬಯಲಿನಲ್ಲಿ ನಿಂತಾಗ ಅಷ್ಟೇ ಬಲವಾಗಿ ಕಾದಾಡೀತು ಎಂದು ಹೇಳಲಾಗದು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಗೆದ್ದ ಊರು ಕಂದಾಯ ಕೊಡುತ್ತದೆ, ಕಂದಾಯದಿಂದ ಇನ್ನೊಂದು ದಂಡು ಏಳುತ್ತದೆ, ಆ ದಂಡು ಮತ್ತೊಂದು ಊರು ತರುತ್ತದೆ. ಚಕ್ರಬಡ್ಡಿ ಬೆಳೆಯುವ ಹಾಗೆ ಇದು ಬೆಳೆಯುತ್ತದೆ. ಮೊದಮೊದಲು ಕಣ್ಣಿಗೇ ಬೀಳುವುದಿಲ್ಲ, ಬಿದ್ದಾಗ ಕೈ ಮೀರಿದಂತೆ ಕಾಣುತ್ತದೆ.

ಇದರ ಮೇಲೆ ಆಟವೇ ಕೊಡುವ ರಿಯಾಯಿತಿ ಬೇರೆ. ‘ಸಿವಿಲೈಸೇಷನ್ 6’ರಲ್ಲಿ ಪ್ರಿನ್ಸ್ ಮಟ್ಟದಲ್ಲಿ ನೀವೂ ಕಂಪ್ಯೂಟರೂ ಸಮಸಮ. ಅತಿ ಕಷ್ಟದ ಡೀಟಿ ಮಟ್ಟಕ್ಕೆ ಹೋದರೆ ನೀವು ಊರು ಕಟ್ಟುವ ಒಬ್ಬ ಸೆಟ್ಲರ್ ಹಿಡಿದು ಹೊರಡುವಾಗ ಅದರ ಕೈಯಲ್ಲಿ ಮೂವರು ಇರುತ್ತಾರೆ. ಉತ್ಪಾದನೆಗೆ, ಚಿನ್ನಕ್ಕೆ ಶೇ 80, ವಿಜ್ಞಾನ ಮತ್ತು ಸಂಸ್ಕೃತಿಗೆ ಶೇ 32 ಹೆಚ್ಚುವರಿ, ಪ್ರತಿ ಕಾಳಗದಲ್ಲಿ 4 ಅಂಕ ಮೇಲು. ಈ ರಿಯಾಯಿತಿ ಎಲ್ಲ ಬಣಗಳಿಗೂ ಸಿಗುತ್ತದೆ. ಆದರೆ ಪಕ್ಕದಲ್ಲಿ ಬಡಪಾಯಿ ನಗರರಾಜ್ಯಗಳಿರುವ ಬಣ ಅದನ್ನು ಬಳಸಿಕೊಂಡು ಮೊದಲೇ ನಾಲ್ಕಾರು ಊರು ನುಂಗಿದರೆ ಉಳಿದವರು ಅದನ್ನು ಹಿಡಿಯಲಾರರು. ಕಷ್ಟದ ಮಟ್ಟ ಏರಿಸುವವರು ಇದನ್ನು ತಿಳಿದೇ ಏರಿಸಬೇಕು. ನಿಮ್ಮ ಎದುರಾಳಿ ಹೆಚ್ಚು ಬುದ್ಧಿವಂತನಾಗುವುದಿಲ್ಲ, ಹೆಚ್ಚು ಸಿರಿವಂತನಾಗುತ್ತಾನೆ.

ಮಸ್ಕಿಯ ಬಂಡೆ ಹೇಳುವುದು

ಆಟದಲ್ಲಿ ಈಜಿಪ್ಟ್ ಉಬ್ಬುವುದನ್ನು ಕಂಡು ಇದೆಲ್ಲ ಸುಳ್ಳು ಎನ್ನುವವರಿದ್ದಾರೆ. ಪೂರ್ತಿ ಸುಳ್ಳಲ್ಲ. ಈಜಿಪ್ಟನ್ನು ಆಳಿದ ಟಾಲೆಮಿಗಳಿಗೂ ಸೆಲ್ಯೂಕಿಡರಿಗೂ ಸಿರಿಯಾಕ್ಕಾಗಿ ತಲೆಮಾರುಗಳ ಕಾಲ ಯುದ್ಧ ನಡೆದಿತ್ತು. ಕ್ರಿ.ಪೂ. 246ರಲ್ಲಿ ಶುರುವಾದ ಯುದ್ಧದಲ್ಲಿ ಮೂರನೆಯ ಟಾಲೆಮಿಯ ದಂಡು ಮೆಸಪೊಟೇಮಿಯಾದ ತನಕ ನುಗ್ಗಿತು. ಆದರೆ ಗೆದ್ದದ್ದನ್ನೆಲ್ಲ ಹಿಡಿದಿಟ್ಟುಕೊಳ್ಳಲಾಗದೆ ಹಿಂದಿರುಗಬೇಕಾಯಿತು. ಆಟದಲ್ಲಿ ಹಿಂದಿರುಗುವುದಿಲ್ಲ, ಬಣ್ಣ ಹಾಗೇ ಉಳಿಯುತ್ತದೆ. ಅಷ್ಟೇ ವ್ಯತ್ಯಾಸ.

ನಿಜವಾದ ಸಾಮ್ರಾಜ್ಯ ಹೇಗೆ ಹರಡುತ್ತದೆ ಎಂದು ನೋಡಬೇಕಾದರೆ ಲಿಂಗಸುಗೂರು–ಸಿಂಧನೂರು ರಸ್ತೆಯ ಮಸ್ಕಿಗೆ ಹೋಗಬೇಕು. 1915ರಲ್ಲಿ ಚಿನ್ನದ ಗಣಿಗಳ ಹುಡುಕಾಟದಲ್ಲಿದ್ದ ಬೀಡನ್ ಎಂಬ ಎಂಜಿನಿಯರ್ ಇಲ್ಲಿಯ ಬಂಡೆಯ ಮೇಲೆ ಬ್ರಾಹ್ಮಿ ಲಿಪಿಯ ಬರಹ ಕಂಡರು. ಎಚ್. ಕೃಷ್ಣಶಾಸ್ತ್ರಿ ಅದನ್ನು ಓದಿ ಪ್ರಕಟಿಸಿದರು. ಅಲ್ಲಿಯ ತನಕ ಸಿಕ್ಕ ಧರ್ಮಶಾಸನಗಳಲ್ಲಿ ರಾಜ ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆದುಕೊಂಡಿದ್ದ. ಮಸ್ಕಿಯಲ್ಲಿ ಅಶೋಕ ಎಂಬ ಹೆಸರೇ ಇತ್ತು. ಪಾಟಲಿಪುತ್ರದ ರಾಜನ ಗುರುತು ಖಚಿತವಾದದ್ದು ರಾಯಚೂರು ಜಿಲ್ಲೆಯ ಒಂದು ಗುಡ್ಡದಲ್ಲಿ.

ಈಗ ಕರ್ನಾಟಕದ ನಕ್ಷೆಯ ಮೇಲೆ ಅಶೋಕನ ಶಾಸನಗಳಿರುವ ಊರುಗಳಿಗೆ ಚುಕ್ಕಿ ಇಡುತ್ತ ಹೋಗಿ. ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉಡೇಗೊಳ್ಳಂ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಕಲಬುರಗಿಯ ಸನ್ನತಿ. ಗಡಿಯಾಚೆ ಕರ್ನೂಲಿನ ಕಡೆ ಎರ್ರಗುಡಿ, ರಾಜುಲ ಮಂಡಗಿರಿ. ಚುಕ್ಕಿಗಳಲ್ಲಿ ಹೆಚ್ಚಿನವು ಒತ್ತಾಗಿ ಒಂದೇ ಸೀಮೆಯಲ್ಲಿ ಬೀಳುತ್ತವೆ. ಕರಾವಳಿ ಖಾಲಿ, ಮಲೆನಾಡು ಖಾಲಿ. ಚುಕ್ಕಿಗಳು ಬಿದ್ದಿರುವುದರಲ್ಲಿ ಬಹುಪಾಲು ಚಿನ್ನದ ಸೀಮೆ. ಹಟ್ಟಿಯಲ್ಲಿ ಎರಡು ಸಾವಿರ ವರ್ಷ ಹಳೆಯ ಗಣಿಯ ಗುಂಡಿಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಬ್ರಹ್ಮಗಿರಿಯ ಶಾಸನದಲ್ಲಿ ಅಪ್ಪಣೆ ಹೊರಟ ಊರಿನ ಹೆಸರು ಸುವರ್ಣಗಿರಿ. ಅಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಅದು.

ಶಾಲೆಯ ಪುಸ್ತಕದ ನಕ್ಷೆಯಲ್ಲಿ ಮಾತ್ರ ಮೌರ್ಯ ಸಾಮ್ರಾಜ್ಯ ಒಂದೇ ಬಣ್ಣದ ದೊಡ್ಡ ಹರವು. ಇತಿಹಾಸಕಾರ್ತಿ ರೋಮಿಲಾ ಥಾಪರ್ ಇದನ್ನು ಬಿಡಿಸಿ ತೋರಿಸಿದ್ದಾರೆ. ಮಗಧದಂಥ ಕೇಂದ್ರ ಒಂದು, ಸಂಪತ್ತು ಇದ್ದ ಕೆಲವು ಗಟ್ಟಿ ನೆಲೆಗಳು, ಉಳಿದದ್ದು ಅಂಚಿನ ಪ್ರದೇಶ. ಎಲ್ಲ ಕಡೆ ಹಿಡಿತ ಒಂದೇ ಸಮ ಇರಲಿಲ್ಲ ಎಂಬುದು ಅವರ ವಾದ. ನಮ್ಮ ಚುಕ್ಕಿಗಳ ಸಾಲು ನೋಡಿದರೆ ಇದು ಸರಿ ಎನಿಸುತ್ತದೆ. ಆಟ ಆಡುವವರಿಗೆ ನಾನು ಹೇಳಬೇಕಾದ ಮುಖ್ಯ ಮಾತೂ ಇದೇ. ಬಣ್ಣ ನೋಡಿ ಹೆದರಬೇಡಿ, ಚುಕ್ಕಿ ಹುಡುಕಿ. ಆ ಬಣಕ್ಕೆ ಅನ್ನ ಹಾಕುತ್ತಿರುವ ಮೂರು ನಾಲ್ಕು ಊರುಗಳು ಎಲ್ಲಿವೆ, ದಂಡುಗಳು ಎಲ್ಲಿ ನಿಂತಿವೆ ಎಂದು ಕಂಡುಕೊಂಡರೆ ಉಳಿದ ಇಪ್ಪತ್ತು ಊರುಗಳನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಮೊದಲೇ ಕಂಡುಹಿಡಿಯುವುದು

ಹತ್ತು ಹತ್ತು ಟರ್ನಿಗೊಮ್ಮೆ ನಿಂತು ಸುತ್ತ ನೋಡುವ ಅಭ್ಯಾಸ ಮಾಡಿಕೊಳ್ಳಿ. ‘ರೋಮ್: ಟೋಟಲ್ ವಾರ್’ನಲ್ಲಿ ಬಣಗಳ ಏರಿಳಿತ ತೋರಿಸುವ ಗೆರೆಚಿತ್ರಗಳಿವೆ. ಸೈನ್ಯ, ಹಣ, ನೆಲ, ಜನಸಂಖ್ಯೆ ಒಂದೊಂದಕ್ಕೂ ಬೇರೆ ಬೇರೆ ಗೆರೆ. ಹೆಚ್ಚಿನವರು ನೆಲದ ಗೆರೆ ನೋಡಿ ಸುಮ್ಮನಾಗುತ್ತಾರೆ. ನೋಡಬೇಕಾದದ್ದು ಹಣದ ಗೆರೆ. ನೆಲ ಇನ್ನೂ ಸಮತಟ್ಟಾಗಿದ್ದು ಹಣ ಮೇಲಕ್ಕೆ ಏಳುತ್ತಿದ್ದರೆ ಹದಿನೈದು ಇಪ್ಪತ್ತು ಟರ್ನಿನಲ್ಲಿ ಆ ಬಣ ಪಕ್ಕದವರ ಮೇಲೆ ಬೀಳುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ. ನೆಲ ಏರುತ್ತಿದ್ದು ಹಣ ಕುಸಿಯುತ್ತಿದ್ದರೆ ಅದು ತಿಂದದ್ದನ್ನು ಅರಗಿಸಿಕೊಳ್ಳಲಾಗದೆ ಒದ್ದಾಡುತ್ತಿದೆ, ಸ್ವಲ್ಪ ಕಾಯಬಹುದು.

‘ಸಿವಿಲೈಸೇಷನ್ 6’ರ ಗ್ಯಾದರಿಂಗ್ ಸ್ಟಾರ್ಮ್ ಕಂತಿನಲ್ಲಿ ಪರದೆಯ ಮೇಲ್ತುದಿಯ ರಾಜರ ಸಾಲಿನಲ್ಲೇ ಪ್ರತಿಯೊಬ್ಬರ ಸೈನ್ಯಬಲ, ವಿಜ್ಞಾನ, ಚಿನ್ನದ ಅಂಕಿಗಳು ಕಾಣುವಂತೆ ಸೆಟ್ಟಿಂಗ್ಸ್‌ನಲ್ಲಿ ಮಾಡಿಕೊಳ್ಳಬಹುದು. ಅದನ್ನು ಸದಾ ತೆರೆದಿಡಿ. ನಗರರಾಜ್ಯಗಳು ಒಂದಾದ ಮೇಲೊಂದು ಮಾಯವಾಗುತ್ತಿದ್ದರೆ ತಿನ್ನುತ್ತಿರುವವನು ಯಾರೆಂದು ಅವತ್ತೇ ನೋಡಿ. ಉಳಿದಂತೆ ಯಾವ ಆಟವೇ ಇರಲಿ, ಗೂಢಚಾರನೊಬ್ಬನನ್ನು ದೂರದ ರಾಜಧಾನಿಯಲ್ಲಿ ಕೂರಿಸಿಡುವುದಕ್ಕೆ ಖರ್ಚು ಕಡಿಮೆ, ಲಾಭ ಹೆಚ್ಚು. ಟರ್ನ್ ಮುಗಿದಾಗ ಅವನ ಕಣ್ಣಿಗೆ ಬಿದ್ದ ದಂಡುಗಳ ಗಾತ್ರ ನಿಮಗೂ ಕಾಣುತ್ತದೆ.

ಇನ್ನೊಂದು ಗುರುತು ನನಗೆ ಬಹಳ ಮುಖ್ಯ ಎನಿಸುತ್ತದೆ. ಎರಡು ದೊಡ್ಡ ಬಣಗಳ ನಡುವಿನ ಚಿಕ್ಕ ಬಣ ಬದುಕಿದೆಯೇ ಎಂದು ನೋಡುತ್ತಿರಿ. ಅದು ಬದುಕಿರುವ ತನಕ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ಕೂತಿರುತ್ತಾರೆ. ಅದು ಸತ್ತ ಟರ್ನಿನಿಂದ ಲೆಕ್ಕ ಬದಲಾಗುತ್ತದೆ.

ನಡುವಿನ ನೆಲ

ನಮ್ಮ ಎಡೆದೊರೆಯ, ಅಂದರೆ ರಾಯಚೂರು ದೋಆಬಿನ ಕಥೆ ಇಲ್ಲಿ ಪಾಠವಾಗಿ ಒದಗುತ್ತದೆ. ವಿಜಯನಗರವೂ ಬಹಮನಿಗಳೂ, ಆಮೇಲೆ ಬಿಜಾಪುರವೂ ಈ ಕರಿಮಣ್ಣಿನ ಸೀಮೆಗಾಗಿ ತಲೆತಲಾಂತರ ಹೊಡೆದಾಡಿದರು. ರಾಯಚೂರು, ಮುದಗಲ್ಲು ಕೋಟೆಗಳು ಎಷ್ಟು ಸಲ ಕೈ ಬದಲಿಸಿದವೋ. ನಮ್ಮ ರೈತನಿಗೆ ಅದರಿಂದ ಆದ ಸಂಕಟ ಹೇಳತೀರದು, ಅದನ್ನು ಮರೆತು ಬರೆಯಲಾರೆ. ಆದರೆ ರಾಜ್ಯಗಳ ಲೆಕ್ಕದಲ್ಲಿ ನೋಡಿದರೆ ಈ ನಡುವಿನ ನೆಲ ಇಬ್ಬರ ಹಣವನ್ನೂ ಸೈನ್ಯವನ್ನೂ ಹೀರಿಕೊಂಡು ಯಾರೊಬ್ಬರೂ ಅಂಕೆ ಮೀರಿ ಓಡದಂತೆ ಹಿಡಿದಿಟ್ಟಿತ್ತು.

‘ರೋಮ್: ಟೋಟಲ್ ವಾರ್’ನಲ್ಲಿ ಇಂಥ ದೋಆಬನ್ನು ನೀವೇ ಕಟ್ಟಬಹುದು. ಈಜಿಪ್ಟ್ ಸಿರಿಯಾ ನುಂಗಿದೆ ಎಂದುಕೊಳ್ಳಿ. ಒಳ್ಳೆಯ ದಂಡೊಂದನ್ನು ಹಡಗಿನಲ್ಲಿ ತಂದು ಆಂಟಿಯೋಕ್ ಹಿಡಿಯಿರಿ. ಅದನ್ನು ಇಟ್ಟುಕೊಳ್ಳಲು ಹೋಗಬೇಡಿ. ರೋಮಿನಿಂದ ಅಷ್ಟು ದೂರದ ಊರಿನಲ್ಲಿ ರಾಜಧಾನಿಯ ದೂರಕ್ಕೆ ಒಂದು ದಂಡ, ಸಂಸ್ಕೃತಿ ಬೇರೆ ಎಂಬುದಕ್ಕೆ ಇನ್ನೊಂದು ದಂಡ ಬಿದ್ದು ಜನ ದಂಗೆ ಏಳುತ್ತಾರೆ, ಅದನ್ನು ಅಡಗಿಸಲು ಅರ್ಧ ಸೈನ್ಯ ಅಲ್ಲೇ ಕೊಳೆಯಬೇಕು. ಬದಲಿಗೆ ರಾಯಭಾರಿಯನ್ನು ಅರ್ಮೇನಿಯಾದವರ ಬಳಿ ಕಳಿಸಿ ಆ ಊರನ್ನು ಅವರಿಗೆ ಕೊಟ್ಟುಬಿಡಿ. ಕೊಡುವಾಗ ಸಂಧಿಯನ್ನೋ ಕಾಸನ್ನೋ ಕೇಳಿ ಪಡೆಯಿರಿ. ಊರು ಕೊಡುವ ಮುಂಚೆ ನಿಮ್ಮ ದಂಡನ್ನು ಹೊರಗೆ ತೆಗೆದಿರಬೇಕು ಎಂಬುದು ಮಾತ್ರ ಗಮನದಲ್ಲಿರಲಿ. ಈಗ ಈಜಿಪ್ಟಿನ ಉತ್ತರದ ಬಾಗಿಲಿನಲ್ಲಿ ಹೊಸ ಎದುರಾಳಿ ಕೂತ. ಒಂದೇ ದಿಕ್ಕಿಗೆ ನೋಡುತ್ತಿದ್ದ ಬಣಕ್ಕೆ ಎರಡು ದಿಕ್ಕಾಯಿತು. ಈ ಒಂದು ಕೊಡುಗೆಯಿಂದ ಆಗುವ ಕೆಲಸ ಐದು ಕಾಳಗಗಳಿಂದ ಆಗುವುದಿಲ್ಲ.

ಇದೇ ಸರಣಿಯ ‘ರೋಮ್ 2’ರಲ್ಲಿ ಹೀಗೆ ಊರು ದಾನ ಕೊಡಲು ಬರುವುದಿಲ್ಲ. ಅಲ್ಲಿ ಬೇರೆ ದಾರಿಯಿದೆ. ಅಳಿದುಹೋದ ಬಣದ ಮೂಲ ನೆಲೆಯನ್ನು ನೀವು ಗೆದ್ದಾಗ ಲೂಟಿ ಮಾಡುವ, ವಶಪಡಿಸಿಕೊಳ್ಳುವ ಆಯ್ಕೆಗಳ ಜೊತೆ ಆ ಬಣವನ್ನು ಬಿಡುಗಡೆ ಮಾಡುವ ಆಯ್ಕೆಯೂ ಬರುತ್ತದೆ. ಸತ್ತವರು ಮತ್ತೆ ಎದ್ದು ನಿಲ್ಲುತ್ತಾರೆ, ನಿಮ್ಮ ಋಣದಲ್ಲಿರುತ್ತಾರೆ. ‘ಸಿವಿಲೈಸೇಷನ್ 6’ರಲ್ಲಿಯೂ ದೊಡ್ಡ ಬಣ ನುಂಗಿದ ನಗರರಾಜ್ಯವನ್ನು ಗೆದ್ದು ಬಿಡುಗಡೆ ಮಾಡಬಹುದು. ಊರನ್ನು ಇಟ್ಟುಕೊಳ್ಳುವ ಆಸೆ ಎಲ್ಲರಿಗೂ ಆಗುತ್ತದೆ. ಬಿಟ್ಟುಕೊಟ್ಟು ನೋಡಿ.

ಹಣದ ಬೇರು ಕತ್ತರಿಸುವುದು ಇದರ ಜೊತೆಗೆ ನಡೆಯಬೇಕು. ‘ರೋಮ್: ಟೋಟಲ್ ವಾರ್’ನಲ್ಲಿ ಬಂದರಿನ ಬಾಯಿಗೆ ನಿಮ್ಮ ಒಂದು ಹಡಗುಪಡೆ ನಿಲ್ಲಿಸಿದರೆ ಆ ಊರಿನ ಕಡಲ ವ್ಯಾಪಾರ ನಿಂತುಹೋಗುತ್ತದೆ. ಅಲೆಕ್ಸಾಂಡ್ರಿಯಾದಂಥ ಊರಿಗೆ ಇದು ದೊಡ್ಡ ಪೆಟ್ಟು. ಕಂಪ್ಯೂಟರಿಗೆ ಕಡಲ ಕಾಳಗದಲ್ಲಿ ಅಷ್ಟು ಚುರುಕು ಇಲ್ಲದಿರುವುದು ನಿಮಗೆ ಅನುಕೂಲ. ಜೊತೆಗೆ ಗೂಢಚಾರರನ್ನು ದೊಡ್ಡ ಊರಿನೊಳಗೆ ಸೇರಿಸಿ. ಜನಸಂಖ್ಯೆ ಉಬ್ಬಿದ ಊರಿನಲ್ಲಿ ಕೊಳಕು, ಅಸಮಾಧಾನ ಮೊದಲೇ ಇರುತ್ತದೆ, ಗೂಢಚಾರರು ಅದನ್ನು ಇನ್ನಷ್ಟು ಕೆದಕುತ್ತಾರೆ, ದಂಗೆಯಾದರೆ ಊರು ಕೈ ತಪ್ಪುತ್ತದೆ. ‘ರೋಮ್ 2’ರಲ್ಲಿ ದಂಡನ್ನು ಲೂಟಿಯ ಭಂಗಿಯಲ್ಲಿ ಶತ್ರುವಿನ ಸಿರಿವಂತ ಪ್ರಾಂತ್ಯದೊಳಗೆ ನಿಲ್ಲಿಸಿದರೆ ಅದರ ಆದಾಯದಲ್ಲಿ ಪಾಲು ನಿಮ್ಮ ಕಡೆ ಹರಿಯುತ್ತದೆ.

ಕಾಳಗ ಮಾಡಲೇಬೇಕಾದಾಗ ಅಂಕಿಗಳ ಲೆಕ್ಕದಿಂದಲೇ ಫಲ ತೆಗೆಯುವ ಆಟೋ ರಿಸಾಲ್ವ್ ಒತ್ತಬೇಡಿ. ಆ ಬಣ ಬೆಳೆದದ್ದೇ ಆ ಲೆಕ್ಕದಿಂದ. ಅದೇ ಲೆಕ್ಕದ ಎದುರು ನೀವೂ ಹೋಗಿ ನಿಂತರೆ ಸೆಲ್ಯೂಕಿಡರಿಗೆ ಆದದ್ದೇ ನಿಮಗೂ ಆಗುತ್ತದೆ. ಬಯಲಿಗೆ ಇಳಿದು ನೀವೇ ಆಡಿ. ರಥಗಳ ಎದುರು ಈಟಿಯವರನ್ನು ಒತ್ತಾಗಿ ನಿಲ್ಲಿಸಿ, ಏರು ನೆಲ ಹಿಡಿಯಿರಿ, ಕುದುರೆಯವರನ್ನು ಬೆನ್ನಿಗೆ ಕಳಿಸಿ. ಕಾಗದದ ಮೇಲೆ ಸೋಲಬೇಕಾದ ಕಾಳಗ ಕೈಯಲ್ಲಿ ಗೆಲ್ಲುತ್ತೀರಿ.

ಒಟ್ಟಾಗಿ ಬೀಳುವುದು

1520ರ ಮೇ 19ರಂದು ಕೃಷ್ಣದೇವರಾಯ ರಾಯಚೂರಿನ ಕದನದಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿದ. ದೋಆಬು ವಿಜಯನಗರದ ಪಾಲಾಯಿತು. ಅದರ ನಂತರದ ದಶಕಗಳಲ್ಲಿ ಅಳಿಯ ರಾಮರಾಯ ಒಬ್ಬ ಸುಲ್ತಾನನ ವಿರುದ್ಧ ಇನ್ನೊಬ್ಬನನ್ನು ಎತ್ತಿಕಟ್ಟುತ್ತ ವಿಜಯನಗರವನ್ನು ದಕ್ಷಿಣದ ಎಲ್ಲರಿಗಿಂತ ಮೇಲೆ ಕೂರಿಸಿದ. ತಮ್ಮೊಳಗೆ ಕಚ್ಚಾಡುತ್ತಿದ್ದ ಬಿಜಾಪುರ, ಗೋಲ್ಕೊಂಡ, ಅಹಮದ್‌ನಗರ, ಬೀದರಿನವರು ಅವನ ಭಯದಿಂದ ಒಂದಾದರು. 1565ರ ಜನವರಿ 23ರಂದು ತಾಳಿಕೋಟೆಯ ಯುದ್ಧದಲ್ಲಿ ರಾಮರಾಯ ಸತ್ತ, ದೋಆಬು ಮತ್ತೆ ಬಿಜಾಪುರಕ್ಕೆ ಹೋಯಿತು. ಒಬ್ಬೊಬ್ಬರಾಗಿ ಯಾರಿಂದಲೂ ಆಗದ ಕೆಲಸ ಅದು.

ಕಂಪ್ಯೂಟರ್ ಬಣಗಳು ತಾವಾಗಿ ಹೀಗೆ ಒಂದಾಗುವುದು ಅಪರೂಪ. ನೀವು ಮುಂದೆ ನಿಂತು ಮಾಡಿಸಬೇಕು. ‘ಸಿವಿಲೈಸೇಷನ್ 6’ರಲ್ಲಿ ಒಪ್ಪಂದದ ಪರದೆಯಲ್ಲೇ ಜಂಟಿ ಯುದ್ಧಕ್ಕೆ ಇನ್ನೊಬ್ಬ ರಾಜನನ್ನು ಒಪ್ಪಿಸಬಹುದು, ಸ್ವಲ್ಪ ಚಿನ್ನ ಸೇರಿಸಿದರೆ ಬೇಗ ಒಪ್ಪುತ್ತಾರೆ. 2018ರ ರೈಸ್ ಅಂಡ್ ಫಾಲ್ ಕಂತಿನಿಂದ ತುರ್ತುಸ್ಥಿತಿ ಎಂಬ ಏರ್ಪಾಡೂ ಇದೆ. ಯಾರಾದರೂ ಒಂದು ನಗರರಾಜ್ಯವನ್ನು ನುಂಗಿದಾಗ ಉಳಿದವರು ಗಡುವಿನೊಳಗೆ ಅದನ್ನು ಬಿಡಿಸಲು ಕೈಜೋಡಿಸಬಹುದು. ಆ ಸೂಚನೆ ಬಂದಾಗ ಓದದೆ ಮುಚ್ಚಬೇಡಿ. ಪ್ಯಾರಡಾಕ್ಸ್ ಸಂಸ್ಥೆಯ ‘ಇಂಪರೇಟರ್: ರೋಮ್’ನಲ್ಲಿ ಚಿಕ್ಕ ರಾಜ್ಯಗಳು ರಕ್ಷಣಾ ಕೂಟ ಕಟ್ಟಿಕೊಳ್ಳಬಹುದು. ಒಬ್ಬರ ಮೇಲೆ ಬಿದ್ದರೆ ಎಲ್ಲರೂ ಏಳುತ್ತಾರೆ. ಅಲ್ಲಿ ಬೇಗ ಬೇಗ ನೆಲ ನುಂಗುವವನಿಗೆ ಆಕ್ರಮಣಶೀಲತೆಯ ಅಂಕ ಏರಿ ನೆರೆಯವರ ದ್ವೇಷ, ಒಳಗಿನ ಜನರ ಅಸಮಾಧಾನ ಎರಡೂ ಹೆಚ್ಚುತ್ತವೆ. ಅವನು ಬೆಳೆದದ್ದೇ ನಿಮ್ಮ ಕೆಲಸವನ್ನು ಅರ್ಧ ಮಾಡಿಕೊಡುತ್ತದೆ.

ಶುರುವಿನಿಂದ ಸಮತೋಲ ಬೇಕೆನ್ನುವವರು ಕಷ್ಟದ ಮಟ್ಟವನ್ನು ಒಂದು ಮೆಟ್ಟಿಲು ಇಳಿಸಿ ನೋಡಿ. ಹಳೆಯ ‘ರೋಮ್’ನಲ್ಲಿ ಕ್ಯಾಂಪೇನಿನ ಆರಂಭದ ಸ್ಥಿತಿ ಒಂದು ಸಾದಾ ಟೆಕ್ಸ್ಟ್ ಕಡತದಲ್ಲಿದೆ. ಯಾವ ಬಣಕ್ಕೆ ಎಷ್ಟು ದಿನಾರಿ, ಯಾವ ಊರು, ಎಷ್ಟು ದಂಡು ಎಂಬುದೆಲ್ಲ ಅಲ್ಲಿ ಓದಲು ಸಿಗುತ್ತದೆ. ಬಣದ ಹೆಸರಿನ ಮುಂದೆ ಅದರ ಸ್ವಭಾವ ಹೇಳುವ ಎರಡು ಪದಗಳೂ ಇರುತ್ತವೆ, ಒಂದು ಕಟ್ಟುವ ರೀತಿಗೆ, ಒಂದು ಕಾದುವ ರೀತಿಗೆ. ಸೀಸರ್, ನೆಪೋಲಿಯನ್, ಗೆಂಘಿಸ್ ಎಂಬ ಹೆಸರುಗಳನ್ನೇ ಆ ಜಾಗದಲ್ಲಿ ಬಳಸಿದ್ದಾರೆ. ಮೂಲ ಕಡತದ ಪ್ರತಿಯೊಂದನ್ನು ಬೇರೆ ಕಡೆ ಇಟ್ಟುಕೊಂಡು ಸೆಲ್ಯೂಕಿಡರಿಗೆ ಸ್ವಲ್ಪ ಹಣ ಹೆಚ್ಚಿಸಿ ಹೊಸ ಆಟ ಶುರು ಮಾಡಿದರೆ ಪೂರ್ವದ ಚಿತ್ರ ಎಷ್ಟು ಬದಲಾಗುತ್ತದೆ ಎಂದು ನೀವೇ ಕಾಣುತ್ತೀರಿ.

2004ರ ಈ ‘ರೋಮ್’ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಫೆರಲ್ ಸಂಸ್ಥೆ 2018ರಲ್ಲಿ ಆಂಡ್ರಾಯ್ಡ್ ಫೋನಿಗೂ ತಂದಿದೆ. ಬೇಸಿಗೆಯ ರಜೆಯಲ್ಲಿ ಕರೆಂಟ್ ಹೋದಾಗಲೂ ಆಡಬಹುದು. ಟರ್ನ್ ಮುಗಿಸುವ ಮುಂಚೆ ಬೇರೆ ಬೇರೆ ಹೆಸರಿನಲ್ಲಿ ಎರಡು ಸೇವ್ ಇಟ್ಟುಕೊಳ್ಳಿ.

ಕಂಪ್ಯೂಟರ್ ಇರುವವರು ‘ಇಂಪರೇಟರ್: ರೋಮ್’ ಒಮ್ಮೆ ತೆರೆಯಲೇಬೇಕು. ಆಟ ಶುರುವಾಗುವುದು ಕ್ರಿ.ಪೂ. 304ರಲ್ಲಿ, ಚಂದ್ರಗುಪ್ತ ಮೌರ್ಯ ಸೆಲ್ಯೂಕಸನಿಗೆ 500 ಆನೆ ಕೊಟ್ಟು ಅವನಿಂದ ಪಶ್ಚಿಮದ ಪ್ರಾಂತ್ಯಗಳನ್ನು ಪಡೆದ ಒಪ್ಪಂದದ ಆಸುಪಾಸಿನಲ್ಲಿ. ಮೌರ್ಯರು ಅಲ್ಲಿ ಮೊದಲ ದಿನದಿಂದಲೇ ಬೃಹತ್ತಾಗಿರುತ್ತಾರೆ. ಅವರನ್ನೇ ಹಿಡಿದು ಆಡುವುದು ಸುಲಭ. ಅದರ ಬದಲು ದಕ್ಷಿಣದ ಚಿಕ್ಕ ರಾಜ್ಯವೊಂದನ್ನು ಆರಿಸಿಕೊಳ್ಳಿ. ಮೊದಲು ನೆರೆಯವರ ಜೊತೆ ರಕ್ಷಣಾ ಕೂಟ ಕಟ್ಟಿ, ನಕ್ಷೆಯನ್ನು ಹಿಗ್ಗಿಸಿ ಕೃಷ್ಣೆ ತುಂಗಭದ್ರೆಯರ ನಡುವಿನ ನೆಲ ಯಾರ ಕೈಯಲ್ಲಿದೆ ಎಂದು ನೋಡಿಕೊಳ್ಳಿ, ಆಮೇಲೆ ಆಟ ಮುಂದುವರಿಸಿ.